ನಿಮ್ಮ ಮನೆಯ ಪಂಪು ಯಾವ ಜಾತಿಯದು?

ಮೋಟಾರು ಗುಂಯ್ ಅಂತಿದೆ, ನಲ್ಲಿಯಲ್ಲಿ ಹನಿ ನೀರಿಲ್ಲ, ಯಜಮಾನರು ಊರಲ್ಲಿಲ್ಲ. ರಿಪೇರಿಯವನಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆಯೇ, "ಯಾವ ಪಂಪಮ್ಮಾ?" "ನೀರಿನ ಪಂಪಪ್ಪಾ" ಅಂದರೆ ಅವನು ನಗದೆ ಇದ್ದಾನೆಯೇ!

ಹೊರಕೆರೆದೇವಪುರದ ನಮ್ಮ ಚಿಕ್ಕಮ್ಮನ ಮನೆಯಲ್ಲಿ 2016ರ ಬೇಸಿಗೆಯಲ್ಲಿ ಹೀಗೇ ಆಯಿತು. ತೆರೆದ ಬಾವಿಯ ಪಂಪಿಗೆ ನೀರು ಹುಯ್ದು ಏರಿಸಿ ಅಭ್ಯಾಸವಿದ್ದ ಆಕೆ, ಪಕ್ಕದ ಮನೆಯಿಂದ ಬೇಡಿ ತಂದ ಎರಡು ಕೊಡ ಕುಡಿಯುವ ನೀರನ್ನು ಬೋರಿನೊಳಗೆ ಸುರಿದು, ಮತ್ತೆ ಮತ್ತೆ ಸ್ವಿಚ್ ಹಾಕಿದರು. ನೀರಂತೂ ಬರಲಿಲ್ಲ, ಮೋಟಾರೂ ಸುಟ್ಟಿತು.

ಗುರುತು ಹಿಡಿಯುವುದು ಕಷ್ಟವಲ್ಲ, ಸೋದರಿಯರೇ. ಮೋಟಾರು ಎಲ್ಲಿದೆ, ಕೆಳಗೆ ಎಷ್ಟು ಪೈಪು ಇಳಿದಿದೆ, ಇಷ್ಟು ನೋಡಿ.

ಮೋಟಾರೂ ಪಂಪೂ ಒಂದೇ ಮೈಯಾಗಿ ಮೇಲೆ ಕೂತು, ಒಂದೇ ಪೈಪು ಇಳಿದಿದ್ದರೆ ಅದು ಮಾನೋಬ್ಲಾಕ್. ಇದು ನೀರನ್ನು ಹೀರುತ್ತದೆ. ಎಷ್ಟೇ ದೊಡ್ಡ ಮೋಟಾರಿದ್ದರೂ ಹೀರುವ ಪಂಪು ಸುಮಾರು 25 ಅಡಿಗಿಂತ ಆಳದಿಂದ ನೀರೆತ್ತಲಾರದು. ಸಂಪಿಗೆ, ಆಳವಿಲ್ಲದ ಬಾವಿಗೆ ಸರಿ. ನೀರು ಬಿಟ್ಟುಹೋದರೆ ಇದಕ್ಕೆ ಮೇಲಿಂದ ನೀರು ಹುಯ್ಯಬೇಕು. ದಿನವೂ ಹುಯ್ಯುವಂತಾದರೆ ತಳದ ಫುಟ್‌ವಾಲ್ವಿಗೆ ಕಸ ಸಿಕ್ಕಿದೆ ಅಂತಲೇ ತಿಳಿಯಿರಿ.

ಮೋಟಾರು ಮೇಲಿದ್ದು ಎರಡು ಪೈಪು ಇಳಿದಿದ್ದರೆ? ಇಲ್ಲೇ ಎಲ್ಲರೂ ಎಡವುವುದು. ಜೆಟ್ ಪಂಪಿಗೂ ಎರಡು, ಕಂಪ್ರೆಸರಿಗೂ ಎರಡು. ಜೆಟ್ ಪಂಪು ಎತ್ತಿದ ನೀರಲ್ಲೇ ಒಂದು ಪಾಲನ್ನು ರಭಸದಿಂದ ಕೆಳಗೆ ಕಳಿಸಿ ಉಳಿದದ್ದನ್ನು ಮೇಲೆ ತರುತ್ತದೆ; ಇದಕ್ಕೂ ನೀರು ಹುಯ್ಯಬೇಕು. ಕಂಪ್ರೆಸರು ಕಳಿಸುವುದು ಬರೀ ಗಾಳಿ. ಬೆಲ್ಟು ತಿರುಗುತ್ತಾ ಟಪಟಪ ಸದ್ದು, ನೀರು ಕೆಮ್ಮಿದಂತೆ ಬಿಟ್ಟು ಬಿಟ್ಟು ಬಂದರೆ ಅದೇ. ಹೂಳಿಗೆ ಜಗ್ಗದು, ಕರೆಂಟು ಮಾತ್ರ ಹೆಚ್ಚು ತಿನ್ನುತ್ತದೆ.

ಮೇಲೆ ಏನೂ ಕಾಣದೆ, ಒಂದು ಪೈಪು, ದಪ್ಪ ವೈರು, ಗೋಡೆಯ ಮೇಲೊಂದು ಸ್ಟಾರ್ಟರ್ ಪೆಟ್ಟಿಗೆ ಇದ್ದರೆ ಅದು ಸಬ್‌ಮರ್ಸಿಬಲ್. ನಮ್ಮ ಹೊಳಲ್ಕೆರೆ ಸೀಮೆಯ ಆಳದ ಬೋರುಗಳಿಗೆ ಇದೇ ಗತಿ. ಮೋಟಾರು ನೀರಿನೊಳಗೇ ಕೂತು ನೀರನ್ನು ಮೇಲಕ್ಕೆ ತಳ್ಳುತ್ತದೆ, ಆ ನೀರಿನಿಂದಲೇ ತಂಪಾಗುತ್ತದೆ. ನೀರಿನ ಮಟ್ಟ ಇಳಿದಾಗ ಓಡಿಸಿದರೆ ಒಗ್ಗರಣೆ ಹಾಕದೆ ಒಲೆಯ ಮೇಲಿಟ್ಟ ಬಾಣಲೆಯ ಪಾಡೇ! ನೀರು ಬರಲಿಲ್ಲವೋ, ತಕ್ಷಣ ಆರಿಸಿ. ಕೊಡದ ನೀರು ಕೊಡದಲ್ಲೇ ಇರಲಿ.

ಚಿಕ್ಕಮ್ಮ ಈಗ ಸ್ಟಾರ್ಟರ್ ಪೆಟ್ಟಿಗೆಯ ಪಕ್ಕದ ಗೋಡೆಯ ಮೇಲೆ ಪಂಪಿನ ಜಾತಿ, ಎಷ್ಟು ಎಚ್.ಪಿ., ಎಷ್ಟು ಅಡಿಗೆ ಇಳಿಸಿದೆ ಅಂತ ಪೇಂಟಿನಲ್ಲಿ ಬರೆಸಿದ್ದಾರೆ. ಫೋನಿನಲ್ಲಿ ಅದನ್ನು ಓದಿ ಹೇಳಿದರಾಯಿತು.