ಶೆಡ್ಡಿನ ಮೂಲೆಯಲ್ಲೊಂದು ಹೆಲಿಕಾಪ್ಟರ್

ಬೆಳೆಗಾರರ ಮನೆಯ ಹುಡುಗನೊಬ್ಬ ಪಂಪ್ ಶೆಡ್ಡಿನಲ್ಲಿ ಕುಳಿತು ಪ್ಲೈವುಡ್, ಅಲ್ಯೂಮಿನಿಯಂ ತಗಡು, ಸೈಕಲ್ ಕಡ್ಡಿಗಳನ್ನು ಹರವಿಕೊಂಡು ರೇಡಿಯೋ ನಿಯಂತ್ರಣದ ಹೆಲಿಕಾಪ್ಟರ್ ಮಾದರಿ ಕಟ್ಟಲು ಹೊರಟನೆಂದರೆ, ಹಿರಿಯರ ಬಾಯಿಂದ ಬರುವ ಮೊದಲ ಮಾತು "ಕೊಯ್ಲಿನ ಕಾಲದಲ್ಲಿ ಇದೆಂಥ ಮಕ್ಕಳಾಟ?" ಎಂದು. ಈ ಮಾತನ್ನು ನಾವು ಒಪ್ಪುವುದಿಲ್ಲ. ಏಕೆಂಬುದನ್ನು ಸದಸ್ಯ ಬಂಧುಗಳ ಮುಂದೆ ಇಡಬಯಸುತ್ತೇವೆ.

ಅಮೆರಿಕದ ಆರ್ಥರ್ ಯಂಗ್ ಎಂಬವರು ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಗಣಿತ ಓದಿ, 1928ರಲ್ಲಿ ಹೆಲಿಕಾಪ್ಟರಿನ ಸಣ್ಣ ಮಾದರಿಗಳನ್ನು ಸ್ವಂತ ಕೈಯಿಂದ ಕಟ್ಟತೊಡಗಿದರು. ಮುಂದೆ ಪೆನ್ಸಿಲ್ವೇನಿಯದ ಪಾವೋಲಿಯ ಹಳೆಯ ಕೊಟ್ಟಿಗೆಯೇ ಅವರ ಕಾರ್ಯಾಗಾರವಾಯಿತು. ಆ ಮಾದರಿಗಳಿಗೆ ರೇಡಿಯೋ ಇರಲಿಲ್ಲ. ತಂತಿಯ ಮೂಲಕ ದೂರದಿಂದ ನಡೆಸುತ್ತಿದ್ದರು. ಹಾರಿದವು ಬಿದ್ದವು, ಬಿದ್ದವು ಮುರಿದವು. ಹಲವು ವರ್ಷ ಹಿಡಿದಿದ್ದ ದಾರಿಯನ್ನೇ ಬಿಟ್ಟು ಹೊಸದಾಗಿ ಆರಂಭಿಸಬೇಕಾಯಿತು. ಕೊನೆಗೆ ರೋಟರಿನ ಅಲಗುಗಳಿಗೆ ಅಡ್ಡಲಾಗಿ, ತುದಿಗಳಲ್ಲಿ ತೂಕವಿರುವ ಒಂದು ದಂಡವನ್ನು ಜೋಡಿಸಿದರು. ತಿರುಗುವ ಬುಗುರಿಯಂತೆ ಆ ದಂಡವು ತನ್ನ ಸಮತಲವನ್ನು ಬಿಡದೆ ನಿಲ್ಲುವುದರಿಂದ ಅಲಗುಗಳೂ ಹದ್ದುಬಸ್ತಿನಲ್ಲಿ ಉಳಿದವು. ಮಾದರಿ ಗಾಳಿಯಲ್ಲಿ ಸ್ಥಿರವಾಗಿ ನಿಂತಿತು. 1941ರಲ್ಲಿ ಬೆಲ್ ಕಂಪನಿ ಅವರನ್ನು ಕರೆಸಿಕೊಂಡಿತು. ಆ ಕೆಲಸದ ಫಲವಾದ ಬೆಲ್ 47, 1946ರ ಮಾರ್ಚ್ 8ರಂದು ಅಮೆರಿಕದಲ್ಲಿ ನಾಗರಿಕ ಬಳಕೆಗೆ ಪ್ರಮಾಣಪತ್ರ ಪಡೆದ ಮೊದಲ ಹೆಲಿಕಾಪ್ಟರ್. ಮುಂದೆ ಹೊಲಗದ್ದೆಗಳ ಮೇಲೆ ಔಷಧಿ ಸಿಂಪಡಿಸುವ ಕೆಲಸಕ್ಕೂ ಅದು ಒದಗಿ ಬಂದಿತು.

ಯಂಗ್ ಅವರು ಮೊದಲೇ ದೊಡ್ಡ ಯಂತ್ರ ಮಾಡಿ ಅದರಲ್ಲಿ ಮನುಷ್ಯನನ್ನು ಕೂರಿಸಲಿಲ್ಲ. ಸಣ್ಣದರಲ್ಲಿ ಮುರಿದು, ಸಣ್ಣದರಲ್ಲೇ ರಿಪೇರಿ ಮಾಡಿ ಕಲಿತರು ಎಂಬುದನ್ನು ನಾವು ಗಮನಿಸಬೇಕು.

ರೇಡಿಯೋದಿಂದ ಚೆನ್ನಾಗಿ ಹಾರುವ ಮಾದರಿ ಬಂದದ್ದು ಬಹಳ ತಡವಾಗಿ. ಪಶ್ಚಿಮ ಜರ್ಮನಿಯ ಎಂಜಿನಿಯರ್ ಡೀಟರ್ ಶ್ಲೂಟರ್ ಅವರು 1970ರ ಸುಮಾರಿಗೆ ಹ್ಯೂಯಿ ಕೋಬ್ರಾ ಹೆಲಿಕಾಪ್ಟರಿನ ಮಾದರಿಯನ್ನು ಯಶಸ್ವಿಯಾಗಿ ಹಾರಿಸಿದರು. ಅನಂತರ ಬಿಡಿಭಾಗಗಳ ಪೆಟ್ಟಿಗೆಗಳು ಅಂಗಡಿಗೆ ಬಂದವು. ಪೆಟ್ಟಿಗೆ ಕೊಂಡು ಜೋಡಿಸಿದರೆ ಹಾರಿಸಲು ಕಲಿಯಬಹುದು. ಆದರೆ ಬುಡದಿಂದ ಕಟ್ಟಿದವನಿಗೆ ಯಂತ್ರವೇ ಅರ್ಥವಾಗುತ್ತದೆ.

ಹೇಗೆಂದರೆ, ನಿಜವಾದ ಹೆಲಿಕಾಪ್ಟರನ್ನು ಎಂಟನೇ ಒಂದು ಅಳತೆಗೆ ಇಳಿಸಿದರೆ ಆಕಾರವೇನೋ ಬರುತ್ತದೆ. ಆದರೆ ಅಲಗಿನ ವಿಸ್ತೀರ್ಣ ಅರುವತ್ತನಾಲ್ಕನೇ ಒಂದು ಪಾಲಾದರೆ, ಘನಗಾತ್ರ ಐನೂರ ಹನ್ನೆರಡನೇ ಒಂದು ಪಾಲಾಗುತ್ತದೆ. ಆದುದರಿಂದ ಯಾವುದನ್ನೂ ಕುರುಡಾಗಿ ನಕಲು ಮಾಡುವಂತಿಲ್ಲ. ಬೆಲ್ 47ರ ರೋಟರ್ ನಿಮಿಷಕ್ಕೆ ಮುನ್ನೂರ ಚಿಲ್ಲರೆ ಸುತ್ತು ತಿರುಗಿದರೆ, ಮಾದರಿಯದು ಸಾವಿರಕ್ಕೂ ಮೀರಬೇಕು. ಮುಂದಕ್ಕೆ ಬಾಗಿಸಬೇಕಾದರೆ ಅಲಗಿನ ಕೋನವನ್ನು ಸುಮಾರು ಕಾಲು ಸುತ್ತು ಮೊದಲೇ ಬದಲಿಸಬೇಕು. ಎರಡು ಅಲಗುಗಳ ತೂಕದಲ್ಲಿ ಒಂದೆರಡು ಗ್ರಾಂ ವ್ಯತ್ಯಾಸವಾದರೂ ಇಡೀ ಯಂತ್ರ ನಡುಗುತ್ತದೆ. ಇವನ್ನೆಲ್ಲ ಅರಗಿಸಿಕೊಂಡ ಹುಡುಗನಿಗೆ ತೋಟದ ಪಂಪು ಏಕೆ ನಡುಗುತ್ತದೆ, ಬೇರಿಂಗ್ ಏಕೆ ಸವೆಯುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ದೊಡ್ಡ ಮಾದರಿಗಳಲ್ಲಿ ಕೂರಿಸುವ 23ರಿಂದ 26 ಸಿ.ಸಿ. ಎಂಜಿನ್ನು ನಮ್ಮ ಕಳೆ ಕೊಚ್ಚುವ ಯಂತ್ರದ ಎಂಜಿನ್ನಿನ ಜಾತಿಯದೇ.

ಅಪಾಯವನ್ನು ಮುಚ್ಚಿಡುವುದು ಸರಿಯಲ್ಲ. ನೂರು ಗ್ರಾಂ ತೂಕದ ಅಲಗೊಂದರ ತೂಕದ ಕೇಂದ್ರ ನಡುಗಂಬದಿಂದ 35 ಸೆಂಟಿಮೀಟರ್ ದೂರದಲ್ಲಿದ್ದು, ನಿಮಿಷಕ್ಕೆ 1,400 ಸುತ್ತು ತಿರುಗುವಾಗ ಅದರ ಬುಡದ ಮೇಲೆ ಬೀಳುವ ಎಳೆತ ಸುಮಾರು 75 ಕಿಲೋ, ಅಂದರೆ ಒಂದೂವರೆ ಮೂಟೆ ಕಾಫಿಯ ಭಾರ. ಬೋಲ್ಟು ಕಿತ್ತರೆ ಅಲಗು ಕತ್ತಿಯಾಗುತ್ತದೆ. ಹಿರಿಯರೊಬ್ಬರು ಜೊತೆಯಲ್ಲಿರಲಿ, ಮೊದಲ ತಿರುಗಣೆಯನ್ನು ಮರೆಯಲ್ಲಿ ನಿಂತು ನೋಡಲಿ, ಜನ ದನ ಇಲ್ಲದ ಬಯಲಿನಲ್ಲೇ ಹಾರಿಸಲಿ. 2021ರ ಡ್ರೋನ್ ನಿಯಮಗಳು ಇಂಥ ಮಾದರಿಗಳಿಗೂ ಅನ್ವಯಿಸುತ್ತವೆ. ಕಣ್ಣಳತೆ ಮೀರಿ ಹಾರಿಸಕೂಡದು.

ಇದರಿಂದ ಆದಾಯವೇನು ಎಂದು ಕೇಳುವವರಿದ್ದಾರೆ. ನೇರ ಆದಾಯವಿಲ್ಲ, ಖರ್ಚೇ ಇದೆ. ಆದರೆ ಸಿಂಪಡಣೆಗೆ ಮಳೆ ಬಿಡುವು ಕೊಟ್ಟ ನಾಲ್ಕು ದಿನಗಳಲ್ಲೇ ಪಂಪು ಕೆಟ್ಟು, ಪೇಟೆಯ ಮೆಕ್ಯಾನಿಕ್ ಬರುವವರೆಗೆ ಬೋರ್ಡೋ ದ್ರಾವಣ ಡ್ರಮ್ಮಿನಲ್ಲೇ ಉಳಿದರೆ, ಕೊಳೆರೋಗ ಕಾಯುತ್ತದೆಯೇ? ಈಗ ಅಡಿಕೆ ತೋಟಗಳಿಗೆ ಔಷಧಿ ಹೊಡೆಯುವ ಡ್ರೋನ್‌ಗಳೂ ಬಂದಿವೆ. ಕೊಳ್ಳುವವರು ನಾವಾಗಿ, ಬಿಚ್ಚಿ ನೋಡುವ ಧೈರ್ಯ ಬೇರೆಯವರದಾದರೆ, ಯಂತ್ರ ನಮ್ಮ ಅಂಗಳದಲ್ಲಿದ್ದೂ ನಮ್ಮದಲ್ಲ. ಬಿಚ್ಚಬಲ್ಲ ಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ. ಅವರನ್ನು ಗದರಿಸಿ ಪೇಟೆಗೆ ಅಟ್ಟುತ್ತಿರುವವರೂ ನಾವೇ.

ಆದುದರಿಂದ ನಮ್ಮ ಸಲಹೆ ಇಷ್ಟು: ಶೆಡ್ಡಿನ ಒಂದು ಮೂಲೆ, ಒಂದು ವೈಸ್, ಕೆಟ್ಟು ಮೂಲೆ ಸೇರಿದ ಹಳೆಯ ಎಂಜಿನ್ನೊಂದನ್ನು ಮಕ್ಕಳಿಗೆ ಬಿಟ್ಟುಕೊಡೋಣ. ಗಂಡುಮಕ್ಕಳಿಗೆ ಮಾತ್ರವಲ್ಲ, ಹೆಣ್ಣುಮಕ್ಕಳಿಗೂ. ಸಂಘವೂ ತನ್ನ ಗೋದಾಮಿನಲ್ಲಿ ಒಂದು ಕೆಲಸದ ಮೇಜು ಹಾಕಿಸುವ ವಿಚಾರವನ್ನು ಮುಂದಿನ ಸಭೆಯಲ್ಲಿ ಎತ್ತಿಕೊಳ್ಳಲಿ. ಮಾದರಿ ಮೊದಲ ಸಲ ಬೀಳುವುದು ಖಂಡಿತ. ಆಗ "ನಾನು ಮೊದಲೇ ಹೇಳಲಿಲ್ಲವೇ" ಎನ್ನದೆ, ಮುರಿದ ಅಲಗನ್ನು ಹೆಕ್ಕಿಕೊಟ್ಟು "ಇನ್ನೊಂದು ಮಾಡು" ಎಂದರೆ ಸಾಕು.