ವೈದಿ ಅಂದ್ರೆ ಯಾರು ಸ್ವಾಮೀ?

ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಕಾಫಿ ಹಿಡ್ಕೊಂಡು ನಿಂತಿದ್ದಾಗ ಪಕ್ಕದ ಟೀಮಿನ ಗೆಳೆಯನ ಮೊಬೈಲು ಹಾಡಿತು. ಮಾಲ್ಗುಡಿ ಡೇಸ್ ಟ್ಯೂನು. ಸುತ್ತ ಇದ್ದ ಐದಾರು ಜನರ ಮುಖದಲ್ಲೂ ಒಂದು ನಗು. ಒಬ್ಬ ಶುರು ಹಚ್ಕೊಂಡ, "ಶಂಕರ್‌ನಾಗ್ ಗ್ರೇಟ್ ಕಣೋ, ಎಂಥಾ ಮ್ಯೂಸಿಕ್ ಮಾಡಿದ್ದಾನೆ!" ಇನ್ನೊಬ್ಬಳು ತಿದ್ದಿದಳು, "ಮ್ಯೂಸಿಕ್ ಅವನದ್ದಲ್ಲ, ಇಳಯರಾಜ." ನನಗೆ ತಡೀಲಿಲ್ಲ, ಎಲ್. ವೈದ್ಯನಾಥನ್ ಅಂದೆ. "ಯಾರದು?" ಅಂತ ಕೇಳಿ, ಉತ್ತರಕ್ಕೂ ಕಾಯದೆ ಎಲ್ಲರೂ ಅಪ್ರೈಸಲ್ ವಿಷಯಕ್ಕೆ ಹೊರಳಿದರು.

ಕ್ಯಾಂಟೀನಿನವರನ್ನು ಬಿಡಿ. ನನ್ನ ಜಗಳ ಇರೋದು ನಿಮ್ಮ ಜೊತೆ, ಅಂದರೆ ನಮ್ಮ ಜೊತೆ. ಕನ್ನಡದಲ್ಲಿ ಬ್ಲಾಗ್ ಬರೆಯೋ ನಾವು ಮಾಲ್ಗುಡಿ ಡೇಸ್ ಬಗ್ಗೆ ಎಷ್ಟು ಬರೆದಿಲ್ಲ ಹೇಳಿ? ಆಗುಂಬೆಯ ದೊಡ್ಡಮನೆ, ಮಳೆ, ಸ್ವಾಮಿಯ ಟೋಪಿ, ಆರ್. ಕೆ. ಲಕ್ಷ್ಮಣ್ ಚಿತ್ರಗಳು, ಅರಸಾಳು ರೈಲ್ವೆ ಸ್ಟೇಷನ್ನು. ಅರಸಾಳಿನ ಹಳೇ ಸ್ಟೇಷನ್ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಕೂಡ ಆಯ್ತು. "ಆ ಟೈಟಲ್ ಟ್ಯೂನ್ ಕೇಳಿದರೆ ಈಗಲೂ ರೋಮಾಂಚನ" ಅಂತ ಒಂದು ಸಾಲು ಎಲ್ಲ ಪೋಸ್ಟುಗಳಲ್ಲೂ ಇರುತ್ತೆ. ಆ ಟ್ಯೂನಿಗೆ ಒಬ್ಬ ಅಪ್ಪ ಇದ್ದಾನೆ ಅನ್ನೋದು ಮಾತ್ರ ಎಷ್ಟು ಪೋಸ್ಟುಗಳಲ್ಲಿದೆ? ರೋಮಾಂಚನ ನಮ್ಮದು, ಹೆಸರು ಯಾರದ್ದಾದರೇನು!

"ತಮಿಳಿನವರು, ನಮಗೆ ಹೇಗೆ ಗೊತ್ತಿರುತ್ತೆ" ಅನ್ನೋ ನೆಪ ಬೇಡ. ಅಶ್ವಥ್–ವೈದಿ ಅನ್ನೋ ಹೆಸರು ಕೇಳಿದ್ದೀರಲ್ಲ? ನಾರದ ವಿಜಯ, ಅನುಪಮ, ಆಲೆಮನೆ... 1980ರ ಆಸುಪಾಸಿನ ಆ ಹಾಡುಗಳನ್ನು ಅಮ್ಮ ಅಡಿಗೆಮನೆಯಲ್ಲಿ ಗುನುಗೋದು ಕೇಳಿಯೇ ನಾನು ಬೆಳೆದದ್ದು. ಆ ಜೋಡಿಯಲ್ಲಿ ಅಶ್ವಥ್ ಅಂದರೆ ನಮ್ಮ ಸಿ. ಅಶ್ವಥ್. ವೈದಿ ಅಂದರೆ? ಇದೇ ವೈದ್ಯನಾಥನ್. ಎಷ್ಟೋ ವರ್ಷ ನಾನು "ವೈದಿ" ಅನ್ನೋದು ಅಶ್ವಥ್ ಅವರ ಮನೆತನದ ಹೆಸರೋ ಏನೋ ಅಂದ್ಕೊಂಡಿದ್ದೆ. ನಗಬೇಡಿ :-) ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?

ಅದಕ್ಕೂ ಮೊದಲು, 1978ರಲ್ಲಿ, ಕಾಶಿನಾಥ್ ನಿರ್ದೇಶನದ 'ಅಪರಿಚಿತ'ಕ್ಕೆ ಸಂಗೀತ ಕೊಟ್ಟದ್ದು ಇದೇ ಮನುಷ್ಯ. ಅದರಲ್ಲಿ ವಾಣಿ ಜಯರಾಂ ಹಾಡಿದ ನೆನಪುಗಳ ಬಗೆಗಿನ ಹಾಡನ್ನು ಇವತ್ತಿಗೂ ರಿಯಾಲಿಟಿ ಷೋಗಳಲ್ಲಿ ಮಕ್ಕಳು ಹಾಡ್ತಾರೆ. ಚಿತ್ರದ ಹೆಸರು ಸಂಗೀತ ನಿರ್ದೇಶಕನಿಗೇ ಅಂಟಿಕೊಂಡುಬಿಟ್ಟಿತು ನೋಡಿ. ರಾಜ್‌ಕುಮಾರ್ ಅಭಿನಯದ 'ಒಂದು ಮುತ್ತಿನ ಕಥೆ'ಗೂ ಇವರದ್ದೇ ಸಂಗೀತ. ಸಿನಿಮಾಕ್ಕೆ ಬಂದದ್ದು ಜಿ. ಕೆ. ವೆಂಕಟೇಶ್ ಅವರ ಸಹಾಯಕರಾಗಿ. ಇಳಯರಾಜ ಕೂಡ ಅದೇ ಗರಡಿಯಲ್ಲಿ ಪಳಗಿದವರು. ಹಾಗಾಗಿ ಕ್ಯಾಂಟೀನಿನ ಹುಡುಗಿ ತಪ್ಪಿದ್ದು ಒಂದು ಕುರ್ಚಿಯಷ್ಟು ದೂರ ಮಾತ್ರ!

ಮನೆಯಲ್ಲೇ ನೋಡಿ. ತಂದೆ ವಿ. ಲಕ್ಷ್ಮೀನಾರಾಯಣ ಪಿಟೀಲು ವಿದ್ವಾಂಸರು. ತಮ್ಮಂದಿರು ಎಲ್. ಸುಬ್ರಮಣ್ಯಂ ಮತ್ತು ಎಲ್. ಶಂಕರ್. ಅಣ್ಣತಮ್ಮಂದಿರು ಮೂವರೂ ಒಟ್ಟಿಗೆ ಪಿಟೀಲು ನುಡಿಸುತ್ತಿದ್ದವರು. ಶಂಕರ್ 'ಶಕ್ತಿ' ತಂಡದಲ್ಲಿ ಜಾನ್ ಮೆಕ್‌ಲಾಫ್ಲಿನ್ ಜೊತೆ ನುಡಿಸಿ ಹೊರದೇಶದಲ್ಲಿ ಹೆಸರಾದರು. ಸುಬ್ರಮಣ್ಯಂ ಯಾರಿಗೆ ಗೊತ್ತಿಲ್ಲ! ವೇದಿಕೆ ಮೇಲೆ ಕಾಣಿಸಿಕೊಂಡ ಇಬ್ಬರು ಎಲ್ಲರಿಗೂ ಗೊತ್ತು. ಪರದೆಯ ಹಿಂದೆ ಹೋದ ದೊಡ್ಡಣ್ಣ ಗೊತ್ತಿಲ್ಲ. ಅಶ್ವಥ್–ವೈದಿ ಜೋಡಿಯಲ್ಲೂ ಅದೇ ಕಥೆ. ಅಶ್ವಥ್ ಹಾಡುತ್ತಿದ್ದರು, ಆ ಕಂಠ ಎದುರಿಗೆ ಬಂದು ನಿಲ್ಲುತ್ತಿತ್ತು. ಹಾಗಾಗಿ ಉಳಿದುಕೊಂಡರು. (ಅಶ್ವಥ್ ಅಭಿಮಾನಿಗಳು ದಯವಿಟ್ಟು ಬೈಯ್ಯಬೇಡಿ, ನಾನೂ ನಿಮ್ಮ ಪೈಕಿಯೇ.)

ಈಗ ಪುಷ್ಪಕ ವಿಮಾನಕ್ಕೆ ಬರೋಣ, ನನ್ನ ಹೊಟ್ಟೆಯುರಿ ಜಾಸ್ತಿಯಾಗೋದು ಇಲ್ಲೇ. 1987ರ ಚಿತ್ರ, ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನ, ನಮ್ಮ ಬೆಂಗಳೂರಲ್ಲೇ ಶೂಟಿಂಗ್. ಇಡೀ ಚಿತ್ರಕ್ಕೆ ಒಂದೇ ಒಂದು ಮಾತಿಲ್ಲ, ಹಾಡೂ ಇಲ್ಲ. "ಮಾತಿಲ್ಲದೆ ಕಮಲಹಾಸನ್ ಎಷ್ಟು ಚೆನ್ನಾಗಿ ಮಾಡಿದ್ದಾರೆ" ಅಂತ ಹೊಗಳ್ತೀವಿ, ಸರಿ. ಆದರೆ ಮಾತೇ ಇಲ್ಲದ ಕಡೆ ಎಲ್ಲಿ ನಗಬೇಕು, ಎಲ್ಲಿ ಭಯ ಪಡಬೇಕು, ಪ್ರೀತಿ ಶುರುವಾದದ್ದು ಯಾವ ಕ್ಷಣ ಅಂತ ನಮ್ಮ ಕಿವಿಗೆ ಹೇಳಿದವರು ಯಾರು? ನಂಬಿಕೆ ಇಲ್ಲದಿದ್ದರೆ ವಾಲ್ಯೂಮ್ ಮ್ಯೂಟ್ ಮಾಡಿ ಹತ್ತು ನಿಮಿಷ ನೋಡಿ. ನಾನು ಮಾಡಿ ನೋಡಿದೆ, ಆರನೇ ನಿಮಿಷಕ್ಕೆ ಕೈ ತಾನಾಗಿ ಮೊಬೈಲಿಗೆ ಹೋಯ್ತು.

ಇಂಥ ಕೆಲಸಕ್ಕೆ ನಮ್ಮ ದೇಶದಲ್ಲಿ ಲೆಕ್ಕವೇ ಇರಲಿಲ್ಲ. ರಾಷ್ಟ್ರಪ್ರಶಸ್ತಿಗಳಲ್ಲಿ ಹಾಡು ಬೇರೆ, ಹಿನ್ನೆಲೆ ಸಂಗೀತ ಬೇರೆ ಅಂತ ಕಾಯಂ ಆಗಿ ಎರಡು ಪ್ರಶಸ್ತಿ ಮಾಡಿದ್ದು 2009ರ ಸಾಲಿನ ಚಿತ್ರಗಳಿಂದ. ಸಂಗೀತ ನಿರ್ದೇಶಕರಿಗೆ ರಾಯಲ್ಟಿಯಲ್ಲಿ ಪಾಲು ಅಂತ ಕಾಪಿರೈಟ್ ಕಾಯ್ದೆ ತಿದ್ದಿದ್ದು 2012ರಲ್ಲಿ. ವೈದ್ಯನಾಥನ್ ತೀರಿಕೊಂಡದ್ದು 2007ರ ಮೇ ತಿಂಗಳಲ್ಲಿ. ಎರಡೂ ಬಸ್ಸು ಅವರು ಹೋದ ಮೇಲೆ ಬಂದವು.

"ಹೆಸರು ಗೊತ್ತಾಗದಿದ್ದರೆ ಏನು ನಷ್ಟ, ಜನ ಟ್ಯೂನನ್ನು ಪ್ರೀತಿಸ್ತಾರಲ್ಲ, ಜಾನಪದ ಗೀತೆಯ ಹಾಗೆ" ಅಂತ ಗೆಳೆಯನೊಬ್ಬ ವಾದ ಮಾಡಿದ. ಕೇಳೋಕೆ ಚೆನ್ನಾಗಿದೆ. ಜಾನಪದಕ್ಕೆ ಹೆಸರಿಲ್ಲ, ಯಾಕಂದರೆ ಯಾರು ಕಟ್ಟಿದ್ದು ಅಂತ ಗೊತ್ತಿಲ್ಲ. ಇಲ್ಲಿ ಗೊತ್ತಿದೆ, ಟೈಟಲ್ ಕಾರ್ಡಿನಲ್ಲಿ ಬರೆದಿದೆ, ನಾವು ಓದಿಲ್ಲ. ಎರಡೂ ಒಂದೇನಾ? ಇದೇ ಗೆಳೆಯ ತಾನು ಬರೆದ ನಲವತ್ತು ಸಾಲು ಕೋಡನ್ನು ಮ್ಯಾನೇಜರ್ ಬೇರೆಯವರ ಹೆಸರಲ್ಲಿ ತೋರಿಸಿದ ಅಂತ ಒಂದು ವಾರ ಊಟ ಬಿಟ್ಟವನು. ನಮಗೆ ಗಿಟ್ ಬ್ಲೇಮ್ ಇದೆ, ಯಾವ ಸಾಲು ಯಾರದ್ದು ಅಂತ ಕಮಾಂಡ್ ಹೊಡೆದರೆ ಗೊತ್ತಾಗುತ್ತೆ. ಅವರಿಗೆ?

ಇಷ್ಟು ಬರೆದು, ಎದೆ ಉಬ್ಬಿಸಿಕೊಂಡು, ಆಗುಂಬೆಗೆ ಹೋಗಿ ಬಂದಾಗ ನಾನು ಬರೆದ ಹಳೇ ಪೋಸ್ಟ್ ತೆಗೆದು ನೋಡಿದೆ. ಶಂಕರ್‌ನಾಗ್ ಹೆಸರು ನಾಲ್ಕು ಸಲ ಇದೆ. ಮಳೆ ಒಂಬತ್ತು ಸಲ. "ಆ ಟ್ಯೂನು" ಮೂರು ಸಲ. ವೈದ್ಯನಾಥನ್ ಒಂದು ಸಲವೂ ಇಲ್ಲ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಕೂತು ತಿದ್ದಿದೆ. ನಿಮ್ಮದನ್ನೂ ಒಮ್ಮೆ ತೆಗೆದು ನೋಡ್ತೀರಾ?