ದಿನಸಿ ವ್ಯಾಪಾರದಲ್ಲಿ ಮತ್ಸ್ಯನ್ಯಾಯ

ನಮ್ಮ ಬೀದಿಯ ಮೂಲೆಯ ದಿನಸಿ ಅಂಗಡಿಯಲ್ಲಿ ‘ಇಂದು ನಗದು, ನಾಳೆ ಉದ್ದರಿ’ ಎಂಬ ಹಲಗೆ ನಾನು ಹುಟ್ಟುವ ಮೊದಲಿನಿಂದಲೂ ತೂಗುತ್ತಿದೆ. ಆದರೆ ಅದರ ಕೆಳಗೇ ಕುಳಿತು ಅಂಗಡಿಯವರು ನಮ್ಮ ಮನೆಯ ಉದ್ದರಿ ಲೆಕ್ಕವನ್ನು ಉದ್ದನೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ನಾನು ಮೊದಲ ವರ್ಷದ ಪರೀಕ್ಷಾ ಶುಲ್ಕ ಕಟ್ಟಿದ ತಿಂಗಳು ಆ ಲೆಕ್ಕ ತೀರಲಿಲ್ಲ. ಅವರು ಕೇಳಲೂ ಇಲ್ಲ. ಆದುದರಿಂದ ಈ ವಿಷಯದಲ್ಲಿ ನಾನು ಪೂರ್ತಿ ನಿಷ್ಪಕ್ಷಪಾತಿಯೆಂದು ಹೇಳಿಕೊಳ್ಳಲಾರೆ. ವಾಚಕರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ಓದಲಿ.

ದೊಡ್ಡ ಅಂಗಡಿಗಳು ಬಂದುದೇ ಕೇಡೆಂದು ನಾನು ಹೇಳುವುದಿಲ್ಲ. ಕಳೆದ ವರ್ಷ ನಮ್ಮ ಊರಿನಲ್ಲಿಯೂ ಒಂದು ತೆರೆಯಿತು. ಅಲ್ಲಿ ತೊಗರಿಬೇಳೆ ಅಗ್ಗ; ರಸೀತಿ ಕೊಡುತ್ತಾರೆ; ಒಳಗೆ ಬಂದವರ ಜಾತಿಯನ್ನು ಯಾರೂ ವಿಚಾರಿಸುವುದಿಲ್ಲ. ಮೂಲೆಯಂಗಡಿಯ ಉದ್ದರಿಯಾದರೂ ಪುಕ್ಕಟೆಯಲ್ಲ. ಅದರ ಬೆಲೆ ಬೇಳೆಯ ಧಾರಣೆಯಲ್ಲಿಯೇ ಅಡಗಿರುತ್ತದೆ. ನಮ್ಮ ತಾಯಿ ಕೈಯಲ್ಲಿ ಹಣವಿದ್ದ ವಾರ ದೊಡ್ಡ ಅಂಗಡಿಗೆ ಹೋಗುತ್ತಾರೆ, ಇಲ್ಲದ ವಾರ ಮೂಲೆಯಂಗಡಿಗೆ. ಎರಡು ಬಾಗಿಲುಗಳೂ ತೆರೆದಿರುವುದೇ ನಮ್ಮಂಥವರ ಭಾಗ್ಯ. ನನ್ನ ಆತಂಕವೆಲ್ಲ ಈ ಬಾಗಿಲುಗಳ ಒಡೆತನ ಕೆಲವರ ಕೈಯಲ್ಲಿಯೇ ಸೇರುತ್ತಿರುವುದರ ಬಗೆಗೆ.

ದೇಶದ ಮಟ್ಟದಲ್ಲಿ ನಡೆದುದನ್ನು ನೋಡೋಣ. 1936ರಿಂದ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಹೆಸರಾಗಿದ್ದ ನೀಲಗಿರೀಸ್, 2014ರಲ್ಲಿ ಬಿಗ್ ಬಜಾರಿನ ಒಡೆಯರಾದ ಫ್ಯೂಚರ್ ಸಮೂಹದ ವಶವಾಯಿತು. 2017ರಲ್ಲಿ ಹೈಪರ್‌ಸಿಟಿಯೂ ಅದೇ ಸಮೂಹವನ್ನು ಸೇರಿತು. ಹೀಗೆ ನುಂಗುತ್ತ ಬಂದ ಮೀನಿಗೂ ಇನ್ನೊಂದು ದೊಡ್ಡ ಮೀನು ಎದುರಾಯಿತು. 2020ರ ಆಗಸ್ಟಿನಲ್ಲಿ 24,713 ಕೋಟಿ ರೂಪಾಯಿಗಳಿಗೆ ಫ್ಯೂಚರಿನ ವ್ಯಾಪಾರವನ್ನು ಕೊಳ್ಳುವುದಾಗಿ ರಿಲಯನ್ಸ್ ಸಾರಿತು. ಅಮೆಜಾನ್ ಅಡ್ಡಬಂದು ವ್ಯಾಜ್ಯ ಹೂಡಿತು. 2022ರ ಏಪ್ರಿಲಿನಲ್ಲಿ ಸಾಲ ಕೊಟ್ಟವರು ಒಪ್ಪದೆ ಆ ಒಪ್ಪಂದ ಮುರಿದುಬಿತ್ತು. ಆದರೆ ಅದಕ್ಕೆ ಮೊದಲೇ, ಫೆಬ್ರವರಿಯಲ್ಲಿ, ಬಾಡಿಗೆ ಬಾಕಿಯಿದ್ದ ಅನೇಕ ಬಿಗ್ ಬಜಾರ್ ಮಳಿಗೆಗಳು ರಿಲಯನ್ಸಿನ ಕೈಸೇರಿದ್ದವು. ಬೆಂಗಳೂರಿನಲ್ಲಿ 2011ರಲ್ಲಿ ಹುಟ್ಟಿದ ಬಿಗ್‌ಬಾಸ್ಕೆಟ್ 2021ರಲ್ಲಿ ಟಾಟಾ ಸಮೂಹದ್ದಾಯಿತು. ಹೊಸಬರು ಬೆಳೆಯುವುದಿಲ್ಲವೆಂದಲ್ಲ; ಬೆಳೆದವರು ಬಹುಕಾಲ ಸ್ವತಂತ್ರವಾಗಿ ಉಳಿಯುವುದಿಲ್ಲ.

ಇವೆಲ್ಲ ಸಿರಿವಂತರ ಜಗಳ, ನಮಗೇನೆಂದು ಕೆಲವರು ಕೇಳಬಹುದು. ಅವರಿಗೆ ಇನ್ನೊಂದು ಸಂಗತಿಯನ್ನು ಜ್ಞಾಪಿಸುತ್ತೇನೆ. ಜರ್ಮನಿಯ ಮೆಟ್ರೋ ಸಂಸ್ಥೆ 2003ರಲ್ಲಿ ಬೆಂಗಳೂರಿನಲ್ಲಿ ಸಗಟು ಮಳಿಗೆಯನ್ನು ತೆರೆದು ಭಾರತಕ್ಕೆ ಕಾಲಿಟ್ಟಿತು. ಸಣ್ಣ ಅಂಗಡಿಯವರೂ ಹೋಟೆಲಿನವರೂ ಅದರ ಗಿರಾಕಿಗಳು. 2023ರಲ್ಲಿ ಅದರ 31 ಮಳಿಗೆಗಳನ್ನೂ ರಿಲಯನ್ಸ್ 2,850 ಕೋಟಿ ರೂಪಾಯಿಗಳಿಗೆ ಕೊಂಡಿತು. ಅಂದರೆ, ಸಣ್ಣ ಅಂಗಡಿಯವನು ಯಾರೊಡನೆ ಪೈಪೋಟಿ ನಡೆಸಬೇಕೋ ಅವರಿಂದಲೇ ಸರಕು ಕೊಳ್ಳುವ ಕಾಲ ಬಂದಿದೆ. ಅಂಗಡಿಯವನಿಗೆ ಯಾವ ಧಾರಣೆಗೆ ಕೊಡಬೇಕು, ತನ್ನ ಮಳಿಗೆಯಲ್ಲಿ ಯಾವ ಧಾರಣೆಗೆ ಮಾರಬೇಕು, ಎರಡನ್ನೂ ಒಬ್ಬನೇ ನಿರ್ಧರಿಸಿದರೆ ಅದು ಪೈಪೋಟಿ ಹೇಗಾದೀತು? 2021ರ ಕೊನೆಯಲ್ಲಿ ಸಾಬೂನು, ಪೇಸ್ಟುಗಳ ವಿತರಕರು ದೊಡ್ಡ ಸಂಸ್ಥೆಗಳಿಗೆ ಕೊಡುವ ಬೆಲೆಯನ್ನೇ ತಮಗೂ ಕೊಡಿರೆಂದು ತಯಾರಕರೊಡನೆ ಹೋರಾಟಕ್ಕೆ ನಿಂತುದು ಇದೇ ಸಂಕಟದಿಂದ.

ಕಾನೂನಿಲ್ಲವೇ? ಇದೆ. 2002ರ ಸ್ಪರ್ಧಾ ಕಾಯಿದೆ ದೊಡ್ಡದಾಗಿ ಬೆಳೆದುದನ್ನೇ ಅಪರಾಧವೆನ್ನುವುದಿಲ್ಲ. ಆ ಬಲದ ದುರುಪಯೋಗವನ್ನು ಮಾತ್ರ ನಿಷೇಧಿಸುತ್ತದೆ. ಇದು ನ್ಯಾಯವಾದ ಮಾತೇ. ಆದರೆ ಮುರಿದುಬಿದ್ದ ಆ ಫ್ಯೂಚರ್ ಒಪ್ಪಂದಕ್ಕೂ ಸ್ಪರ್ಧಾ ಆಯೋಗ 2020ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತ್ತೆಂಬುದನ್ನು ಮರೆಯಲಾಗದು. ಇಂದಿಗೂ ದೇಶದ ದಿನಸಿ ವ್ಯಾಪಾರದ ಬಹುಪಾಲು ಸಣ್ಣ ಅಂಗಡಿಗಳಲ್ಲಿಯೇ ನಡೆಯುತ್ತದೆ. ಆ ದೊಡ್ಡ ಮೊತ್ತದೆದುರು ಯಾವ ಸಂಸ್ಥೆಯ ಪಾಲೂ ಚಿಕ್ಕದಾಗಿ ಕಾಣುತ್ತದೆ. ಆದರೆ ಗಿರಾಕಿ ದೇಶದಲ್ಲೆಲ್ಲ ಸುತ್ತಿ ಬೇಳೆ ಕೊಳ್ಳುವುದಿಲ್ಲ. ತನ್ನ ಊರಿನಲ್ಲಿ ಕೊಳ್ಳುತ್ತಾನೆ. ಸಗಟು ಮತ್ತು ಚಿಲ್ಲರೆ ಒಂದೇ ಕೈಸೇರುವಾಗ ಊರೂರಿನ ಲೆಕ್ಕವನ್ನು ತೆಗೆದು ನೋಡಬೇಕು.

ಎಲ್ಲವನ್ನೂ ಸರಕಾರವೇ ಮಾಡಲೆಂದು ಕೈಕಟ್ಟಿ ಕುಳಿತುಕೊಳ್ಳುವುದೂ ಸರಿಯಲ್ಲ. ಹನಿ ಹನಿ ಗೂಡಿದರೆ ಹಳ್ಳವೆಂಬುದು ನಮ್ಮ ಹಿರಿಯರ ಮಾತು. 1905ರಲ್ಲಿಯೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘವನ್ನು ಕಟ್ಟಿದ ನಾಡು ನಮ್ಮದು. ಹಾಲು ಹಾಕುವವರು ಒಂದಾದಂತೆ ತಾಲ್ಲೂಕಿನ ಅಂಗಡಿಯವರೂ ಒಂದಾಗಿ ಸರಕು ಕೊಳ್ಳಬಾರದೇಕೆ? ನೂರು ಅಂಗಡಿಗಳ ಬೇಡಿಕೆ ಒಟ್ಟಾದರೆ ತಯಾರಕರು ಕಿವಿಗೊಡಲೇಬೇಕು. ಆಗ ಅಂಗಡಿಯವರೂ ಬೆಲೆ ಇಳಿಸಲಿ, ರಸೀತಿ ಕೊಡಲಿ, ತಕ್ಕಡಿಯನ್ನು ಗಿರಾಕಿಯ ಕಣ್ಣೆದುರು ಇಡಲಿ. ಬರಿಯ ಕನಿಕರದಿಂದ ಯಾವ ಅಂಗಡಿಯೂ ಉಳಿಯಲಾರದು. ಇಂಥ ಸಂಘದ ಲೆಕ್ಕಪತ್ರಗಳನ್ನು ಬರೆಯಬಲ್ಲ ಪದವೀಧರರು ಪ್ರತಿವರ್ಷವೂ ಈ ಕಾಲೇಜಿನಿಂದ ಹೊರಬೀಳುತ್ತಿದ್ದಾರೆ. ಅವರಲ್ಲಿ ಕೆಲವರು ದೊಡ್ಡ ಅಂಗಡಿಗಳಲ್ಲಿ ಬಿಲ್ಲು ಬರೆಯಲು ಹೋಗುತ್ತಾರೆ. ಅದು ತಪ್ಪಲ್ಲ; ನಾನೂ ಹೋಗಬೇಕಾದೀತು.

ನಮ್ಮ ಮನೆಯ ಬಾಕಿ ಆ ಉದ್ದನೆಯ ಪುಸ್ತಕದಲ್ಲಿ ಇನ್ನೂ ಇದೆ. ಮೊದಲ ಸಂಬಳದಲ್ಲಿ ಅದನ್ನು ತೀರಿಸಬೇಕೆಂದಿದ್ದೇನೆ. ಆ ದಿನ ಅಂಗಡಿಯ ಬಾಗಿಲು ತೆರೆದಿರಲಿ ಎಂಬುದು ನನ್ನ ಹಾರೈಕೆ.